ತಲೆಗೆ ಪೆಟ್ಟು ಬಿದ್ದ ಹುಡುಗನನ್ನು ಹೊರಗೆ ಕರೆಯುವವರು ಯಾರು?

ಭೀಮಾ ತೀರದ ಅಗರಖೇಡದಂಥ ಊರುಗಳಲ್ಲಿ ಕಬಡ್ಡಿಗೆ ಮ್ಯಾಟ್ ಬೇಕಿಲ್ಲ. ಸುಣ್ಣದ ಗೆರೆ ಎಳೆದರೆ ಅಂಕಣ ಸಿದ್ಧ. ರೇಡಿಗೆ ಬಂದ ಹುಡುಗನನ್ನು ಮೂವರು ಹಿಡಿದು ಕೆಡವುವಾಗ ಯಾರದೋ ಮೊಣಕಾಲು ಅವನ ತಲೆಗೆ ಬಡಿಯುತ್ತದೆ. ಎದ್ದು ಕೂತವನು ಸುಮ್ಮನೆ ಸುತ್ತ ನೋಡುತ್ತಾನೆ. ಒಬ್ಬರು ನೆತ್ತಿಗೆ ನೀರು ತಟ್ಟುತ್ತಾರೆ, ಇನ್ನೊಬ್ಬರು ‘ಏನೂ ಆಗಿಲ್ಲ ತಗೋ, ಆಡು ನಡಿ’ ಎನ್ನುತ್ತಾರೆ.

ಆಗಿದ್ದು ಕನ್ಕಶನ್ ಇರಬಹುದು. ಪೆಟ್ಟಿನ ರಭಸಕ್ಕೆ ಮಿದುಳು ಅಲುಗಿ, ಅದರ ಕೆಲಸ ಕೆಲಕಾಲ ಏರುಪೇರಾಗುವ ಸ್ಥಿತಿ ಇದು. ಹೆಚ್ಚಿನವರಿಗೆ ಪ್ರಜ್ಞೆ ತಪ್ಪುವುದಿಲ್ಲ, ರಕ್ತ ಬರುವುದಿಲ್ಲ, ಸಿ.ಟಿ. ಸ್ಕ್ಯಾನಿನಲ್ಲೂ ಸಾಮಾನ್ಯವಾಗಿ ಏನೂ ಕಾಣುವುದಿಲ್ಲ. ಸುಳಿವು ಸಿಗುವುದು ಹುಡುಗನ ವರ್ತನೆಯಲ್ಲೇ: ತಲೆನೋವು, ಚಕ್ಕರ್, ವಾಕರಿಕೆ, ಮಂಜುಗಣ್ಣು, ತಡವರಿಸುವ ಉತ್ತರ. ‘ಎದುರು ಆಡಾಕತ್ತಿರೋದು ಯಾವ ಊರಿನವರು? ಕೊನೇ ಪಾಯಿಂಟ್ ಯಾರಿಗೆ ಬಂತು?’ ಎಂದು ಕೇಳಿದರೆ ಅರ್ಧ ಗೊತ್ತಾಗುತ್ತದೆ. ಸರಿಯಾಗಿ ಉತ್ತರಿಸಿದ ಮಾತ್ರಕ್ಕೆ ಪಾರಾದನೆಂದಲ್ಲ; ಲಕ್ಷಣಗಳು ಗಂಟೆಗಟ್ಟಲೆ ತಡವಾಗಿಯೂ ಬರುತ್ತವೆ.

2020ರ ಡಿಸೆಂಬರ್ 4ರಂದು ಕ್ಯಾನ್‌ಬೆರಾದಲ್ಲಿ ಹೆಲ್ಮೆಟ್‌ಗೆ ಚೆಂಡು ಬಡಿದ ಮೇಲೂ ಕ್ರಿಕೆಟಿಗ ರವೀಂದ್ರ ಜಡೇಜ ಆ ಓವರ್ ಮುಗಿಯುವವರೆಗೆ ಬ್ಯಾಟ್ ಬೀಸಿದರು. ಕನ್ಕಶನ್ ಎಂದು ವೈದ್ಯರು ಹೇಳಿದ್ದು ಇನಿಂಗ್ಸ್ ಮುಗಿದ ಮೇಲೆ. ಬದಲಿಗೆ ಇಳಿದ ಚಾಹಲ್ 3 ವಿಕೆಟ್ ಕಿತ್ತಾಗ ಜಗತ್ತು ಚರ್ಚಿಸಿದ್ದು ಬದಲಿ ಆಟಗಾರ ನ್ಯಾಯವೋ ಅನ್ಯಾಯವೋ ಎಂದು, ಜಡೇಜ ಅವರ ತಲೆಯ ಬಗ್ಗೆ ಅಲ್ಲ! ವೈದ್ಯರ ತಂಡವೇ ಬೆನ್ನಿಗಿದ್ದ ಕಡೆಯಲ್ಲೇ ಹೀಗಾದರೆ ಹಳ್ಳಿಯ ಪಿ.ಇ. ಮಾಸ್ತರರನ್ನಷ್ಟೇ ದೂರುವುದು ಸರಿಯಲ್ಲ.

ಆದರೆ ಈ ಅಲಕ್ಷ್ಯದ ಬೆಲೆ ದೊಡ್ಡದು. 2006ರಲ್ಲಿ ಅಮೆರಿಕದ ವಾಷಿಂಗ್ಟನ್ ರಾಜ್ಯದ 13 ವರ್ಷದ ಅಮೆರಿಕನ್ ಫುಟ್‌ಬಾಲ್ ಆಟಗಾರ ಜಾಕರಿ ಲಿಸ್ಟೆಡ್ ತಲೆಗೆ ಪೆಟ್ಟು ತಿಂದು ಅದೇ ಪಂದ್ಯಕ್ಕೆ ಮರಳಿದ. ಆಟ ಮುಗಿಯುತ್ತಲೇ ಕುಸಿದು, ಮಿದುಳಿನ ಶಸ್ತ್ರಚಿಕಿತ್ಸೆಯ ನಂತರ ವರ್ಷಗಟ್ಟಲೆ ನಡೆಯಲಾಗದೆ ಉಳಿದ. 2009ರಲ್ಲಿ ಅವನ ಹೆಸರಿನಲ್ಲೇ ಕಾನೂನು ಬಂತು: ಅನುಮಾನ ಬಂದ ಕೂಡಲೇ ಹೊರಗೆ, ವೈದ್ಯರ ಚೀಟಿ ಇಲ್ಲದೆ ಮರಳುವಂತಿಲ್ಲ. ಕರ್ನಾಟಕಕ್ಕೂ ಇಂಥ ದುರಂತ ಹೊಸದಲ್ಲ. 2022ರ ಜುಲೈನಲ್ಲಿ ಬೆಂಗಳೂರಿನ ಕಿಕ್‌ಬಾಕ್ಸಿಂಗ್ ಪಂದ್ಯದಲ್ಲಿ ತಲೆಗೆ ಪೆಟ್ಟು ಬಿದ್ದ ಮೈಸೂರಿನ 23 ವರ್ಷದ ಯುವಕ ಕೆಲವೇ ದಿನಗಳಲ್ಲಿ ತೀರಿಕೊಂಡ.

ಕನ್ಕಶನ್‌ಗೆ ಚಿಕಿತ್ಸೆ ದುಬಾರಿಯೇನಲ್ಲ. ಮೊದಲ 24ರಿಂದ 48 ಗಂಟೆ ವಿಶ್ರಾಂತಿ, ಮೊಬೈಲ್ ಕಡಿಮೆ. ಆಮೇಲೆ ನಡಿಗೆ, ತರಗತಿ, ಹಗುರ ಓಟ. ವೈದ್ಯರು ಒಪ್ಪಿದ ಮೇಲಷ್ಟೇ ಮೈಗೆ ಮೈ ತಾಗುವ ಆಟ. ಮಕ್ಕಳಲ್ಲಿ ಹೆಚ್ಚಿನವರು 4 ವಾರದೊಳಗೆ ಸುಧಾರಿಸುತ್ತಾರೆ. ವಾಂತಿ ಮರುಕಳಿಸಿದರೆ, ಫಿಟ್ಸ್ ಬಂದರೆ, ತಲೆನೋವು ಏರುತ್ತಲೇ ಹೋದರೆ, ಎಬ್ಬಿಸಿದರೂ ಏಳದಿದ್ದರೆ ಮಾತ್ರ ಕಾಯುವಂತಿಲ್ಲ. 108ಕ್ಕೆ ಕರೆ ಮಾಡಬೇಕು.

ಇಲ್ಲಿ ಕೊರತೆಯಿರುವುದು ಸಲಕರಣೆಯದ್ದಲ್ಲ, ಅಧಿಕಾರದ್ದು. ಪಂದ್ಯ ಸಮಬಲದಲ್ಲಿದ್ದಾಗ ಊರವರು ಕೂಗುತ್ತಿರುತ್ತಾರೆ, ಹುಡುಗನೂ ‘ಆಡ್ತೀನ್ರಿ ಸರ್’ ಅನ್ನುತ್ತಾನೆ. ಆ ಹೊತ್ತಿನಲ್ಲಿ ಮಾಸ್ತರರ ಬೆನ್ನಿಗೆ ಲಿಖಿತ ನಿಯಮವೊಂದು ನಿಲ್ಲಬೇಕು. ಕಬಡ್ಡಿಯಲ್ಲಿ 7 ಮಂದಿ ಒಳಗಿದ್ದರೆ 5 ಮಂದಿಯವರೆಗೆ ಹೊರಗೆ ಕಾಯಬಹುದು, ಹಾಗಾಗಿ ಬದಲಿಯ ನೆಪವೂ ಇಲ್ಲ. ಇಂಡಿ, ಸಿಂದಗಿ, ಮುದ್ದೇಬಿಹಾಳ, ಬಸವನ ಬಾಗೇವಾಡಿಯ ಶಿಕ್ಷಣಾಧಿಕಾರಿಗಳು ಮುಂದಿನ ಕ್ರೀಡಾಕೂಟದ ಸುತ್ತೋಲೆಗೆ ಒಂದೇ ಸಾಲು ಸೇರಿಸಲಿ: ತಲೆಗೆ ಪೆಟ್ಟು ಬಿದ್ದ ಮಗು ಆ ದಿನ ಮತ್ತೆ ಆಡುವಂತಿಲ್ಲ.