ತೆರೆಯ ಮೇಲಿನ ದೊಡ್ಡಾಟ

ಕೊಟ್ಟೂರಿನ ವಾಚಕರೊಬ್ಬರು ಬರೆದ ಕಾಗದವು ಎರಡು ವಾರಗಳಿಂದ ನನ್ನ ಮೇಜಿನ ಮೇಲಿದೆ. ಅವರ ಮನೆಯಲ್ಲಿ ಒಂದು ರಾತ್ರಿ ಮಕ್ಕಳು ಪಾಶ್ಚಾತ್ಯರ ಗೀತನಾಟಕವೊಂದರ, ಎಂದರೆ ಅವರು ಒಪೆರಾ ಎಂದು ಕರೆಯುವುದರ, ಚಿತ್ರವನ್ನು ಟೆಲಿವಿಷನ್ನಿನಲ್ಲಿ ಹಚ್ಚಿ ಕೊನೆಯವರೆಗೂ ನೋಡಿದರಂತೆ. ಮರುದಿನ ಅದೇ ಪೆಟ್ಟಿಗೆಯಲ್ಲಿ ತಂದೆಯವರು ನಮ್ಮ ಸೀಮೆಯ ದೊಡ್ಡಾಟವೊಂದರ ಚಿತ್ರವನ್ನು ಹಚ್ಚಿದಾಗ, ಹತ್ತು ನಿಮಿಷವಾಗುವಷ್ಟರಲ್ಲಿ ಆ ಮಕ್ಕಳೇ ನಕ್ಕು ಎದ್ದುಹೋದರಂತೆ. “ನಮ್ಮ ಆಟವು ನಿಜವಾಗಿಯೂ ಇಷ್ಟು ಒರಟೋ, ಅಥವಾ ನಾವು ನೋಡುವ ರೀತಿಯೇ ತಪ್ಪೋ?” ಎಂಬುದು ಅವರ ಪ್ರಶ್ನೆ. ಇದಕ್ಕೆ ಉತ್ತರ ಹೇಳಲು ನನಗಿಂತ ಬಲ್ಲವರು ಅನೇಕರಿರುವರು. ಆದರೆ ಇಂಥ ಚಿತ್ರವನ್ನು ನೋಡಿ ಒಮ್ಮೆ ತಪ್ಪು ತೀರ್ಪು ಕೊಟ್ಟವನೆಂಬ ಅರ್ಹತೆಯಾದರೂ ನನಗುಂಟು.

ಮಕ್ಕಳು ಎರಡನ್ನೂ ಒಂದಾದಮೇಲೊಂದರಂತೆ ನೋಡಿದುದು ಆಕಸ್ಮಿಕವಾದರೂ ಅಸಂಬದ್ಧವಲ್ಲ. ಒಪೆರಾದಲ್ಲಿ ಕಥೆಯು ಹಾಡಿನ ಬೆನ್ನೇರಿ ನಡೆಯುವುದು; ವಾದ್ಯಮೇಳ, ಭಾರವಾದ ವೇಷ, ದೇವತೆಗಳು, ಅರಸರು, ಶಾಪ, ಪ್ರತಿಜ್ಞೆ ಎಲ್ಲವೂ ಅಲ್ಲಿವೆ. ನಮ್ಮ ದೊಡ್ಡಾಟದಲ್ಲಿ ಇವುಗಳೊಳಗೆ ಯಾವುದಿಲ್ಲ? ಜರ್ಮನಿಯ ವಾಗ್ನರನು ನಾಲ್ಕು ದಿನ ನಡೆಯುವ ತನ್ನ ಗೀತನಾಟಕಕ್ಕಾಗಿಯೇ ಬೈರಾಯಿತ್ ಎಂಬ ಊರಿನಲ್ಲಿ ನಾಟಕಶಾಲೆಯನ್ನು ಕಟ್ಟಿಸಿ, ೧೮೭೬ರಲ್ಲಿ ಅದನ್ನು ಆಡಿಸಿದಾಗ, ವಾದ್ಯಗಾರರನ್ನು ಪ್ರೇಕ್ಷಕರ ಕಣ್ಣಿಗೆ ಬೀಳದಂತೆ ರಂಗದ ಕೆಳಗಿನ ತಗ್ಗಿನಲ್ಲಿ ಕುಳ್ಳಿರಿಸಿದನು. ನಮ್ಮವರಾದರೋ ಹಿಮ್ಮೇಳವನ್ನು ವೇಷಧಾರಿಯ ಬೆನ್ನ ಹಿಂದೆಯೇ ನಿಲ್ಲಿಸಿದರು. ಅವನು ಹಾಡಿದ ಸೊಲ್ಲನ್ನು ಅವರು ಎತ್ತಿಕೊಳ್ಳುವರು. ಅವರು ಎತ್ತಿಕೊಂಡ ಬಲದಿಂದಲೇ ಅವನು ಕುಣಿಯುವನು. ಅಲ್ಲಿಯ ಗಾಯಕರಿಗೆ ಹಾಡುವುದೇ ಜೀವನದ ಕಸುಬು. ನಮ್ಮ ದುರ್ಯೋಧನನು ಆ ದಿನ ಬೆಳಿಗ್ಗೆ ಜೋಳದ ಹೊಲದಲ್ಲಿದ್ದವನು. ಮೂರು ನಾಲ್ಕು ತಿಂಗಳು ಮಾಸ್ತರನ ಕೈಕೆಳಗೆ ರಾತ್ರಿಯ ತಾಲೀಮು ಮಾಡಿ, ಜಾತ್ರೆಗೋ ಯುಗಾದಿಗೋ ಒಂದು ರಾತ್ರಿ ಆಡಿ, ಮರುದಿನ ಪುನಃ ಹೊಲಕ್ಕೆ ಹೋಗುವವನು.

ಇನ್ನು ನನ್ನ ತೀರ್ಪಿನ ಕಥೆ. ನಾನಿರುವುದು ಹೂವಿನಹಡಗಲಿಯಲ್ಲಿ. ದಿವಂಗತ ಎಂ. ಪಿ. ಪ್ರಕಾಶರು (೧೯೪೦–೨೦೧೧) ರಂಗಭಾರತಿಯನ್ನು ಕಟ್ಟಿ, ರಾಜಕಾರಣದ ಗದ್ದಲದ ನಡುವೆಯೂ ನಾಟಕದ ನಂಟನ್ನು ಬಿಡದೆ ಉಳಿಸಿಕೊಂಡ ಊರಿದು. ಆದುದರಿಂದ ಇಲ್ಲಿ ಆಟವನ್ನು ಅಳೆಯುವವರಿಗೆ ಕೊರತೆಯಿಲ್ಲ. ಆಡುವವರಿಗಿಂತ ಅಳೆಯುವವರೇ ಹೆಚ್ಚೆಂದರೂ ಸಲ್ಲುವುದು. ೨೦೧೮ರಲ್ಲಿ ಒಂದು ಉತ್ಸವಕ್ಕೆ ಎರಡು ದೊಡ್ಡಾಟದ ಮೇಳಗಳನ್ನು ಆರಿಸಬೇಕಾಗಿತ್ತು. ಹಳ್ಳಿಹಳ್ಳಿಗೆ ಹೋಗಿ ರಾತ್ರಿಯೆಲ್ಲ ಕುಳಿತು ನೋಡುವ ವ್ಯವಧಾನವು ಯಾರಿಗೂ ಇರಲಿಲ್ಲ. ಮೇಳಗಳವರು ತಮ್ಮ ಆಟದ ಚಿತ್ರವನ್ನು ಕಳುಹಿಸಲಿ, ಮೂವರು ಕುಳಿತು ನೋಡಿ ನಿರ್ಣಯಿಸಲಿ ಎಂದು ಗೊತ್ತಾಯಿತು. ಆ ಮೂವರಲ್ಲಿ ನಾನೊಬ್ಬನು. ಹೆಬ್ಬೆರಳಿನಷ್ಟು ಗಾತ್ರದ ಏಳು ಪೆನ್‌ಡ್ರೈವುಗಳು ಒಂದು ಲಕೋಟೆಯಲ್ಲಿ ಬಂದುವು. ಏಳು ರಾತ್ರಿಗಳನ್ನು ನಾವು ಒಂದು ಮಧ್ಯಾಹ್ನದಲ್ಲಿ, ಚಹಾ ಕುಡಿಯುತ್ತ, ಬೀಸಣಿಗೆಯ ಕೆಳಗೆ ಕುಳಿತು ಮುಗಿಸಿದೆವು. ಈಗ ನೆನೆದರೆ ನಾಚಿಕೆಯಾಗುವುದು.

ಅವುಗಳಲ್ಲಿ ಐದನೆಯದು ಹೊಳೆಯ ಕಡೆಯ ಒಂದು ಚಿಕ್ಕ ಹಳ್ಳಿಯ ‘ದ್ರೌಪದಿ ವಸ್ತ್ರಾಪಹರಣ’. ಅದರ ಬಗ್ಗೆ ನಾನು ಬರೆದುಕೊಟ್ಟ ಮೂರು ಸಾಲುಗಳು ನನಗೆ ಬಾಯಿಪಾಠವಾಗಿವೆ. “ಮಾಸ್ತರರ ಕಂಠ ಕ್ಷೀಣ, ಹಾರ್ಮೋನಿಯಂನಲ್ಲಿ ಮುಚ್ಚಿಹೋಗುವುದು. ದುರ್ಯೋಧನನ ಅಭಿನಯ ಅತಿರೇಕ. ಬಣ್ಣಗಾರಿಕೆ ಸ್ಥೂಲ.” ಆ ಮೇಳಕ್ಕೆ ಏಳರಲ್ಲಿ ಏಳನೆಯ ಸ್ಥಾನ ದೊರೆಯಿತು. ಚಿತ್ರವು ನಿಚ್ಚಳವಾಗಿಯೂ ಧ್ವನಿಯು ತಿಳಿಯಾಗಿಯೂ ಇದ್ದ ಎರಡು ಮೇಳಗಳು ಮೇಲೆ ಬಂದುವು. ಅವು ಕೆಟ್ಟ ಮೇಳಗಳೆಂದು ನಾನು ಹೇಳುತ್ತಿಲ್ಲ. ಆದರೆ ಅವರಿಗೆ ಬಾಡಿಗೆಯ ಒಳ್ಳೆಯ ಕ್ಯಾಮೆರಾ ಸಿಕ್ಕಿತ್ತು. ಇವರಿಗೆ ಊರಿನ ಹುಡುಗನೊಬ್ಬನ ಮೊಬೈಲು.

ಮರುವರ್ಷದ ಚೈತ್ರದಲ್ಲಿ ನೆಂಟರ ಮನೆಗೆಂದು ಹೋದವನು ಅಕಸ್ಮಾತ್ತಾಗಿ ಅದೇ ಹಳ್ಳಿಯಲ್ಲಿ ಉಳಿಯಬೇಕಾಯಿತು. ಆ ರಾತ್ರಿ ಆಟವಿತ್ತು, ಪ್ರಸಂಗವೂ ಅದೇ. ನಾನು ಯಾರೆಂದು ಅವರಿಗೆ ತಿಳಿದಿರಲಿಲ್ಲ, ನಾನೂ ತಿಳಿಸಲಿಲ್ಲ. ಹತ್ತು ಗಂಟೆಗೆ ಗಣಪತಿಯ ಸ್ತುತಿಯಾಯಿತು. ಸಾರಥಿಯು ಬಂದು ಊರ ಗೌಡರನ್ನೂ ಶಾಲೆಯ ಮಾಸ್ತರರನ್ನೂ ಹಾಸ್ಯಮಾಡಿ ನಗಿಸಿದನು. ಬಳಿಕ ಒಡ್ಡೋಲಗ. ಅಡ್ಡ ಹಿಡಿದ ಪರದೆಯ ಹಿಂದಿನಿಂದ ಮೊದಲು ಗೆಜ್ಜೆಯ ದನಿ ಬಂತು, ಆಮೇಲೆ ಕೂಗು, ಆಮೇಲೆ ಪಂಜಿಗೆ ಎರಚಿದ ರಾಳದ ಪುಡಿಯು ಭಗ್ಗನೆ ಹೊತ್ತಿತು. ಆ ಬೆಳಕಿನಲ್ಲಿ ದುರ್ಯೋಧನನ ಕಿರೀಟದ ಕನ್ನಡಿಯ ಚೂರುಗಳೆಲ್ಲ ಒಮ್ಮೆಲೇ ಮಿಂಚಿದುವು. ನನ್ನ ಪಕ್ಕದಲ್ಲಿ ತಾಯಿಯ ತೊಡೆಯ ಮೇಲಿದ್ದ ಕೂಸು ಕಣ್ಣು ಮುಚ್ಚಿಕೊಂಡಿತು. ಅತಿರೇಕವೆಂದು ನಾನು ಬರೆದಿದ್ದೆನಲ್ಲವೆ? ಅಟ್ಟದಿಂದ ನೂರು ಮಾರು ದೂರದಲ್ಲಿ ಗಾಡಿಯ ಮೇಲೆ ಕುಳಿತವನಿಗೂ ಮುಟ್ಟಬೇಕಾದ ಅಭಿನಯವದು. ಒಂದು ಮೊಳದ ಅಂತರದಿಂದ ಯಂತ್ರವು ಅದನ್ನು ನೋಡಿತ್ತು. ಯಂತ್ರದ ಕಣ್ಣಿನಿಂದ ನಾನು ನೋಡಿದ್ದೆನು.

ಬಣ್ಣದ ಸಂಗತಿಯೂ ಹಾಗೆಯೇ. ಮುಖಕ್ಕೆ ಬಳಿದ ಬಿಳುಪು, ಹುಬ್ಬಿನ ಕಪ್ಪು, ಕೆನ್ನೆಯ ಕೆಂಪು ಇವು ರಾತ್ರಿಯಲ್ಲಿ ದೂರದಿಂದ ಕಾಣಲೆಂದು ಹುಟ್ಟಿದ ಬಣ್ಣಗಳು. ಪ್ರಖರವಾದ ವಿದ್ಯುದ್ದೀಪದ ಕೆಳಗೆ ಹತ್ತಿರದಿಂದ ಚಿತ್ರ ತೆಗೆದರೆ ಬಿಳುಪೆಲ್ಲ ಬೆಳಕಿನಲ್ಲಿ ಕರಗಿ ಮುಖವೇ ಇಲ್ಲವಾಗುವುದು. ಇನ್ನು ಕಾಲು. ದೊಡ್ಡಾಟದ ಲೆಕ್ಕವೆಲ್ಲ ಕಾಲಿನಲ್ಲಿದೆ. ಮದ್ದಳೆಯ ಪೆಟ್ಟಿಗೆ ಹೆಜ್ಜೆಯು ಸರಿಯಾಗಿ ಬಿದ್ದಿತೋ ಇಲ್ಲವೋ ಎಂಬುದನ್ನು ಹಳಬರು ಮೊದಲು ನೋಡುವರು. ಆ ಹುಡುಗನ ಮೊಬೈಲು ಸೊಂಟದಿಂದ ಮೇಲಕ್ಕಷ್ಟೆ ನೋಡಿತ್ತು. ಹಾಗೆ ನೋಡಿದರೆ ಕುಣಿಯುವವನು ಕಾರಣವಿಲ್ಲದೆ ಮೇಲೆ ಕೆಳಗೆ ಜಿಗಿಯುವ ಹುಚ್ಚನಂತೆ ಕಾಣುವನು. ಕೊಟ್ಟೂರಿನ ಮಕ್ಕಳು ನಕ್ಕುದು ಇದಕ್ಕೇ ಇರಬೇಕು.

ಎಲ್ಲಕ್ಕಿಂತ ದೊಡ್ಡ ಅನ್ಯಾಯವಾದುದು ಧ್ವನಿಗೆ. ಈಗಿನ ಮೊಬೈಲುಗಳಲ್ಲಿಯೂ ಚಿಕ್ಕ ಕ್ಯಾಮೆರಾಗಳಲ್ಲಿಯೂ ಒಂದು ಸ್ವಯಂಚಾಲಿತ ಏರ್ಪಾಡಿರುವುದು. ದೊಡ್ಡ ದನಿ ಬಂದರೆ ಯಂತ್ರವು ತಾನೇ ಅದನ್ನು ತಗ್ಗಿಸುವುದು, ಸಣ್ಣ ದನಿ ಬಂದರೆ ತಾನೇ ಏರಿಸುವುದು. ಮಾತಾಡುವವರ ಅನುಕೂಲಕ್ಕೆಂದು ಮಾಡಿದ ಈ ಏರ್ಪಾಡು ಹಾಡಿನ ಏರಿಳಿತವನ್ನು ಗುಡಿಸಿ ಹಾಕುವುದು. ಹುಡುಗನು ನಿಂತಿದ್ದುದು ಧ್ವನಿವರ್ಧಕದ ಪಕ್ಕದಲ್ಲಿ. ಧ್ವನಿವರ್ಧಕಕ್ಕೆ ಸೇರಿದ ಮೈಕು ಇದ್ದುದು ಹಾರ್ಮೋನಿಯಂನ ಮುಂದೆ. ನಾನು ಕ್ಷೀಣವೆಂದು ಬರೆದ ಕಂಠವು ಆ ರಾತ್ರಿ ಯಾವ ಮೈಕಿನ ಹಂಗೂ ಇಲ್ಲದೆ ಊರ ಹೊರಗಿನ ಕಣದವರೆಗೆ ಕೇಳುತ್ತಿತ್ತು. ದ್ರೌಪದಿಯು ಕೃಷ್ಣನಿಗೆ ಮೊರೆಯಿಡುವ ಪದದಲ್ಲಿ ಎಪ್ಪತ್ತರ ಆ ಮುದುಕರು ದನಿಯನ್ನು ಇಳಿಸುತ್ತ ಇಳಿಸುತ್ತ, ಕೊನೆಗೆ ತಾಳ ಮಾತ್ರ ಉಳಿಯುವಂತೆ ಮಾಡಿದರು. ಕಡಲೆಕಾಯಿ ಮಾರುವವನು ಕೂಡ ಸುಮ್ಮನಾದನು. ಚಿತ್ರದಲ್ಲಿ ಆ ಭಾಗವಿತ್ತೋ ಇಲ್ಲವೋ ನಾನರಿಯೆ. ನಾವು ಬೆರಳಿನಿಂದ ಮುಂದೂಡಿಕೊಂಡು ಹೋಗಿದ್ದೆವು.

ಆಯೇರಿಯ ವಿಷಯವನ್ನು ಬಿಡಲಾಗದು. ನಡುನಡುವೆ ಆಟವನ್ನು ನಿಲ್ಲಿಸಿ, ಇಂಥವರು ಇಂಥ ಪಾತ್ರಕ್ಕೆ ನೂರೊಂದು ರೂಪಾಯಿ ಕೊಟ್ಟರೆಂದು ಸಾರುವುದನ್ನು ಪಟ್ಟಣದವರು ಹಳಿಯುವರು. ನಾನೂ ಹಳಿದವನೇ. ಆದರೆ ಅಲ್ಲಿ ಕುಳಿತಾಗ ಬೇರೆಯಾಗಿ ತೋರಿತು. ಭೀಮನಿಗೆ ಅವನ ಸೋದರಮಾವನು ಮಲ್ಲಿಗೆಯ ಹಾರ ಹಾಕಿ ಐವತ್ತು ರೂಪಾಯಿ ಕೊಟ್ಟಾಗ, ಪ್ರತಿಜ್ಞೆಯ ರೌದ್ರದಲ್ಲಿದ್ದ ಭೀಮನು ಬಗ್ಗಿ ಕಾಲಿಗೆ ನಮಸ್ಕರಿಸಿ, ಎದ್ದು, ಬಿಟ್ಟಲ್ಲಿಂದಲೇ ಹಲ್ಲು ಕಡಿದನು. ಸಭೆಗೆ ಅದರಿಂದ ರಸಭಂಗವಾಗಲಿಲ್ಲ. ಮೂರನೆಯ ಆಯೇರಿಯ ಹೊತ್ತಿಗೆ ನನಗೆ ನಿದ್ರೆ ಬಂದಿತ್ತೆಂಬುದನ್ನೂ ಒಪ್ಪಿಕೊಳ್ಳುವೆನು.

ಹಾಗಾದರೆ ಆ ವಿದೇಶೀಯ ಚಿತ್ರಗಳು ಮಕ್ಕಳನ್ನು ಹಿಡಿದು ಕೂರಿಸಿದುದು ಹೇಗೆ? ಅವರು ಕ್ಯಾಮೆರಾವನ್ನು ಸಾಕ್ಷಿಯೆಂದು ನಿಲ್ಲಿಸದೆ ಕೆಲಸಗಾರನೆಂದು ದುಡಿಸಿದರು. ಸ್ವೀಡನ್ನಿನ ಬರ್ಗ್‌ಮನ್ನನು ಮೊಜಾರ್ಟನ ‘ಮಾಯಾಕೊಳಲು’ ಗೀತನಾಟಕವನ್ನು ಅಲ್ಲಿಯ ಟೆಲಿವಿಷನ್ನಿಗಾಗಿ ತೆಗೆದನು. ೧೯೭೫ರ ಹೊಸವರ್ಷದ ದಿನ ಅದು ಪ್ರಸಾರವಾಯಿತು. ಹದಿನೆಂಟನೆಯ ಶತಮಾನದ ಒಂದು ಅರಮನೆಯ ನಾಟಕಶಾಲೆಯು ಚಿತ್ರೀಕರಣದ ಭಾರವನ್ನು ತಾಳದೆಂದು, ಅದರ ರಂಗವನ್ನೇ ಸ್ಟುಡಿಯೋದಲ್ಲಿ ಹೊಸದಾಗಿ ಕಟ್ಟಿಸಿದನು. ಆರಂಭದ ವಾದ್ಯಸಂಗೀತ ಮುಗಿಯುವವರೆಗೆ ಅವನು ತೋರಿಸುವುದು ಬಹುಮಟ್ಟಿಗೆ ಪ್ರೇಕ್ಷಕರ ಮುಖಗಳನ್ನು. ಮುಖ್ಯವಾಗಿ ಒಬ್ಬ ಚಿಕ್ಕ ಹುಡುಗಿಯ ಮುಖವನ್ನು. ನೋಡುವವರನ್ನು ಮೊದಲು ತೋರಿಸಿದರೆ, ಆಡುವವರು ಯಾರಿಗಾಗಿ ಅಷ್ಟು ದೊಡ್ಡದಾಗಿ ಆಡುವರೆಂಬುದು ತಾನೇ ತಿಳಿಯುವುದು. ನಮ್ಮ ಹಳ್ಳಿಯ ಯಾವ ಚಿತ್ರದಲ್ಲಿಯೂ ನಾನು ಆ ಕಣ್ಣು ಮುಚ್ಚಿದ ಕೂಸನ್ನು ಕಂಡಿಲ್ಲ. ನ್ಯೂಯಾರ್ಕಿನ ಮೆಟ್ರೊಪಾಲಿಟನ್ ನಾಟಕಶಾಲೆಯವರು ೨೦೦೬ರ ಡಿಸೆಂಬರ್ ೩೦ರಂದು ಅದೇ ‘ಮಾಯಾಕೊಳಲಿ’ನಿಂದ ತಮ್ಮ ಆಟಗಳನ್ನು ಚಿತ್ರಮಂದಿರಗಳಿಗೆ ನೇರವಾಗಿ ಕಳುಹಿಸತೊಡಗಿದರು. ಅದರ ಹಿಂದೆ ಅನೇಕ ಕ್ಯಾಮೆರಾಗಳೂ ಧ್ವನಿಯ ತಜ್ಞರೂ ಇರುವರು. ಆ ಚಿತ್ರವನ್ನೂ ನಮ್ಮ ಹುಡುಗನ ಮೊಬೈಲಿನ ಚಿತ್ರವನ್ನೂ ಪಕ್ಕಪಕ್ಕದಲ್ಲಿಟ್ಟು, ಇದರಿಂದ ಒಪೆರಾ ಹೆಚ್ಚು, ದೊಡ್ಡಾಟ ಕಡಮೆ ಎಂದರೆ ಅದು ಅಕ್ಕಿಯನ್ನು ಒಂದು ಸೇರಿನಿಂದಲೂ ಜೋಳವನ್ನು ಇನ್ನೊಂದು ಸೇರಿನಿಂದಲೂ ಅಳೆದಂತೆ.

ನಮ್ಮವರು ಇಂಥ ತೀರ್ಪಿನ ತೊಡಕಿಗೆ ಹೊಸಬರೇನೂ ಅಲ್ಲ. ಗ್ರಾಮಫೋನಿನ ಕಾಲದಲ್ಲಿ ಒಂದು ತಟ್ಟೆಯ ಒಂದು ಬದಿಗೆ ಸುಮಾರು ಮೂರು ನಿಮಿಷವಷ್ಟೆ ಹಿಡಿಯುತ್ತಿತ್ತು. ಅರ್ಧ ಗಂಟೆ ಬೆಳೆಯಬಲ್ಲ ರಂಗಗೀತೆಯನ್ನು ಆ ಮೂರು ನಿಮಿಷಕ್ಕೆ ಕತ್ತರಿಸಿ ಹಾಡಿದವರನ್ನು, ಮನೆಯಲ್ಲಿ ಕುಳಿತು ಕೇಳಿದವರು, ಇವರದು ಇಷ್ಟೇ ಎಂದರು. ೧೯೩೪ರಲ್ಲಿ ಕನ್ನಡದ ಮೊದಲ ವಾಕ್ಚಿತ್ರ ‘ಸತಿ ಸುಲೋಚನ’ ಬಂದಾಗ ಅದರಲ್ಲಿ ಸುಬ್ಬಯ್ಯನಾಯ್ಡು, ನಾಗೇಂದ್ರರಾಯರು, ತ್ರಿಪುರಾಂಬ ಮೊದಲಾದ ರಂಗಭೂಮಿಯವರೇ ಇದ್ದರು. ಅವರ ದನಿ ಹೇಗಿತ್ತು, ನಿಲುವು ಹೇಗಿತ್ತು ಎಂದು ಆ ಚಿತ್ರವನ್ನು ನೋಡಿ ಹೇಳೋಣವೆಂದರೆ ಅದರ ಒಂದು ಪ್ರತಿಯೂ ಇಂದು ಉಳಿದಿಲ್ಲ.

ಕಾಗದ ಬರೆದವರಿಗೆ ನನ್ನ ಉತ್ತರ ಇಷ್ಟು. ಮಕ್ಕಳನ್ನು ಒಂದು ಸಲ ಬಯಲಿಗೆ ಕರೆದುಕೊಂಡು ಹೋಗಿರಿ, ಆಮೇಲೆ ಚಿತ್ರ ಹಚ್ಚಿರಿ. ಬಯಲಿನಲ್ಲಿಯೂ ಅವರಿಗೆ ರುಚಿಸದಿದ್ದರೆ ಬಲಾತ್ಕಾರ ಬೇಡ. ಎಲ್ಲ ಆಟಗಳೂ ಒಳ್ಳೆಯವಲ್ಲ, ತಾಲೀಮಿಲ್ಲದೆ ಅಟ್ಟವೇರುವ ಮೇಳಗಳೂ ನಮ್ಮಲ್ಲಿವೆ. ಚಿತ್ರವನ್ನೇ ನೋಡಿ ನಿರ್ಣಯಿಸಬೇಕಾದರೆ, ಕಾಲು ಕಾಣುತ್ತಿದೆಯೇ ಎಂದು ಮೊದಲು ನೋಡಿರಿ. ಕಾಣದಿದ್ದರೆ ಕುಣಿತದ ಬಗ್ಗೆ ಏನನ್ನೂ ಹೇಳಬೇಡಿರಿ. ಹಾಡು ಹಾರ್ಮೋನಿಯಂನ ಕೆಳಗೆ ಹೂತುಹೋಗಿದ್ದರೆ ಕಂಠದ ಬಗ್ಗೆ ಹೇಳಬೇಡಿರಿ. ಚಿತ್ರ ತೆಗೆಯುವ ಹುಡುಗರಿಗೂ ಒಂದು ಮಾತು: ಧ್ವನಿವರ್ಧಕದಿಂದ ದೂರ ಸರಿದು, ಅಟ್ಟವೆಲ್ಲ ಕಾಣುವಷ್ಟು ಹಿಂದಕ್ಕೆ ಹೋಗಿ, ಮೂರುಕಾಲಿನ ಮಣೆಯ ಮೇಲೆ ಯಂತ್ರವನ್ನಿಟ್ಟು ಕೈ ತೆಗೆಯಿರಿ. ಇನ್ನೊಂದು ಮೊಬೈಲನ್ನು ಹಿಮ್ಮೇಳದ ಹತ್ತಿರ ಧ್ವನಿಗಾಗಿಯೇ ಇಟ್ಟರೆ ಇನ್ನೂ ಲೇಸು. ಖರ್ಚೇನೂ ಇಲ್ಲ.

೨೦೨೦ರಲ್ಲಿ ಮಹಾಮಾರಿ ಬಂದು ಆಟಗಳು ನಿಂತುವು. ಮರುವರ್ಷ ಆ ಮಾಸ್ತರರು ತೀರಿಕೊಂಡರೆಂದು ಕೇಳಿದೆನು. ಅವರನ್ನು ಉತ್ಸವಕ್ಕೆ ಕರೆಸಬೇಕೆಂದು ನಾನು ಎರಡು ಸಲ ಬಾಯಿಬಿಟ್ಟು ಹೇಳಿದ್ದೆನು. ಆದರೆ ಆಗಲೇ ಹೊತ್ತು ಮೀರಿತ್ತು. ಕೆಲವು ತಿಂಗಳ ಮೇಲೆ ಅವರ ಮೊಮ್ಮಗನು ನನ್ನನ್ನು ಹುಡುಕಿಕೊಂಡು ಬಂದನು. ಚಿತ್ರ ತೆಗೆದಿದ್ದ ಮೊಬೈಲು ಕೆಟ್ಟುಹೋಗಿದೆ, ಅಜ್ಜನ ಹಾಡು ಮತ್ತೆಲ್ಲಿಯೂ ಇಲ್ಲ, ಆ ವರ್ಷ ಕಳುಹಿಸಿದ ಪೆನ್‌ಡ್ರೈವು ನಿಮ್ಮಲ್ಲಿ ಉಳಿದಿದೆಯೇ ಎಂದು ಕೇಳಿದನು. ಲಕೋಟೆಯು ಕಪಾಟಿನಲ್ಲಿತ್ತು. ನನ್ನ ಮೂರು ಸಾಲುಗಳ ಚೀಟಿಯೂ ಅದರೊಳಗೇ ಇತ್ತು. ಅದನ್ನು ಮೆಲ್ಲನೆ ತೆಗೆದುಕೊಂಡು ಪೆನ್‌ಡ್ರೈವನ್ನು ಮಾತ್ರ ಕೊಟ್ಟೆನು. ಅವನು ಅಲ್ಲಿಯೇ ಹಚ್ಚಿ ನೋಡಿದನು. ದ್ರೌಪದಿಯ ಪದವು ಅದರಲ್ಲಿತ್ತು. ಹುಡುಗನು ಟೆಲಿವಿಷನ್ನಿನ ಪಕ್ಕಕ್ಕೆ ಹೋಗಿ, ಕಿವಿಯನ್ನು ಅದಕ್ಕೆ ಆನಿಸಿ ನಿಂತನು. ಬಹಳ ಹೊತ್ತಾದ ಮೇಲೆ, “ಇದೆ ಸರ್, ಹಾರ್ಮೋನಿಯಂನ ಹಿಂದೆ ಇದ್ದಾರೆ” ಎಂದನು.