ಇನ್ನೂರು ದಿನಗಳ ಗೆರೆ
ಶಿಕಾರಿಪುರ, ಸೊರಬದ ಕಡೆ ಅಡಿಕೆ, ಶುಂಠಿ ಮಾರಿದ ದುಡ್ಡಿನಲ್ಲಿ ಒಂದಿಷ್ಟನ್ನು ಸಣ್ಣ ಬ್ಯಾಂಕಿನ ಷೇರಿಗೆ ಹಾಕಬೇಕೆನ್ನುವವರು ಮೊದಲು ಆ ಷೇರಿನ ಬೆಲೆಯ 200 ದಿನಗಳ ಸರಾಸರಿಯ ಗೆರೆ ನೋಡಲಿ. ಷೇರುಪೇಟೆ ತೆರೆದಿರುವುದು ವರ್ಷಕ್ಕೆ ಸುಮಾರು 250 ದಿನ. ಹಾಗಾಗಿ ಆ ಗೆರೆ ಸುಮಾರು ಹತ್ತು ತಿಂಗಳ ಬೆಲೆಯ ಸಾರ. ಶುಂಠಿ ಬೆಳೆದವರಿಗೆ ಇದನ್ನು ಬಿಡಿಸಿ ಹೇಳಬೇಕಿಲ್ಲ, ಒಂದು ವಾರದ ದರ ನಂಬಿ ಗದ್ದೆ ಗುತ್ತಿಗೆ ಹಿಡಿಯಬಾರದೆಂದು ಅವರಿಗೆ ಗೊತ್ತು. 1924ರಲ್ಲಿ ಮಂಗಳೂರಿನಲ್ಲಿ ಹುಟ್ಟಿದ ಕರ್ಣಾಟಕ ಬ್ಯಾಂಕಿನಂಥ ಷೇರಿಗೆ ನಾನಂತೂ 200 ವಾರಗಳ, ಅಂದರೆ ಸುಮಾರು ನಾಲ್ಕು ವರ್ಷಗಳ ಸರಾಸರಿಯನ್ನೇ ಹೆಚ್ಚು ನಂಬುತ್ತೇನೆ. ಒಂದು ತ್ರೈಮಾಸಿಕದ ಫಲಿತಾಂಶಕ್ಕೆ ಅದು ಬೆಚ್ಚುವುದಿಲ್ಲ. ಆದರೆ ಬೆಲೆ ಗೆರೆಗಿಂತ ಕೆಳಗಿದೆ ಎಂದ ಮಾತ್ರಕ್ಕೆ ಅಗ್ಗ ಎಂದುಕೊಳ್ಳುವುದು ಅಪಾಯ. ಕರೂರಿನ ಲಕ್ಷ್ಮೀ ವಿಲಾಸ್ ಬ್ಯಾಂಕಿನ ಷೇರು 2017ರ ನಂತರ ಇಳಿಯುತ್ತಲೇ ಹೋಯಿತು, ಪ್ರತಿ ಹಂತದಲ್ಲೂ ಅಗ್ಗವಾಗಿಯೇ ಕಂಡಿತು. 2020ರ ನವೆಂಬರಿನಲ್ಲಿ ಡಿಬಿಎಸ್ ಬ್ಯಾಂಕಿನ ಜೊತೆ ವಿಲೀನವಾದಾಗ ಷೇರು ಬಂಡವಾಳವನ್ನೇ ಪೂರ್ತಿ ಅಳಿಸಿಹಾಕಿದರು. ಠೇವಣಿದಾರರು ಉಳಿದುಕೊಂಡರು, ಷೇರುದಾರರಿಗೆ ಬಿಡಿಗಾಸೂ ಸಿಗಲಿಲ್ಲ. ಗೆರೆಯೇ ಇಳಿಮುಖವಾಗಿದ್ದರೆ ದಯವಿಟ್ಟು ಬೆಲೆಯನ್ನು ಬದಿಗಿಟ್ಟು, ವಸೂಲಾಗದ ಸಾಲ ಶೇಕಡಾ ಎಷ್ಟು, ಅದಕ್ಕೆ ತೆಗೆದಿಟ್ಟ ಹಣ ಎಷ್ಟು, ಬಂಡವಾಳ ಎಷ್ಟು ಉಳಿದಿದೆ ಎಂಬುದನ್ನು ಬ್ಯಾಂಕಿನ ವಾರ್ಷಿಕ ವರದಿಯಲ್ಲಿ ಹುಡುಕಿ ಓದಿ.