ನಗರಪಾಲಿಕೆಯ ಕನ್ನಡ ಶಾಲೆ: ಹೆತ್ತವರು ಕಂಡದ್ದು, ಉಳಿದವರು ಕಾಣಬೇಕಾದದ್ದು

ಮುಂಬಯಿಯಲ್ಲಿ ನೆಲೆಸಿರುವ ಕನ್ನಡಿಗರಲ್ಲಿ ನಗರಪಾಲಿಕೆಯ ಶಾಲೆಯ ವಿಷಯವಾಗಿ ಅಭಿಪ್ರಾಯವಿಲ್ಲದವರು ವಿರಳ. ಆ ಶಾಲೆಯ ಮೆಟ್ಟಿಲು ಹತ್ತಿ ನೋಡಿದವರು ಇನ್ನೂ ವಿರಳ. "ಅಲ್ಲಿ ಪಾಠವೇ ನಡೆಯುವುದಿಲ್ಲ", "ಗತಿಯಿಲ್ಲದವರು ಮಾತ್ರ ಅಲ್ಲಿಗೆ ಹೋಗುತ್ತಾರೆ", "ಕನ್ನಡದಲ್ಲಿ ಕಲಿತವರನ್ನು ಈ ಊರಿನಲ್ಲಿ ಯಾರು ಕೇಳುತ್ತಾರೆ" ಎಂಬ ಮಾತುಗಳು ಸಂಘದ ಸಭೆಗಳಲ್ಲಿ, ಮದುವೆಯ ಪಂಕ್ತಿಗಳಲ್ಲಿ, ಲೋಕಲ್ ರೈಲಿನ ಪ್ರಯಾಣದಲ್ಲಿ ಪದೇ ಪದೇ ಕಿವಿಗೆ ಬೀಳುತ್ತವೆ. ಆದರೆ ಆ ಶಾಲೆಗೆ ದಿನವೂ ತಮ್ಮ ಮಕ್ಕಳನ್ನು ಕಳುಹಿಸುತ್ತಿರುವ ತಾಯಿತಂದೆಯರ ಮಾತು ಈ ಚರ್ಚೆಯಲ್ಲಿ ಎಲ್ಲಿಯೂ ಕೇಳಿಬರುವುದಿಲ್ಲ. ಲೆಕ್ಕದ ಪುಸ್ತಕವನ್ನು ತೆರೆಯದೆಯೇ ಅಂಗಡಿ ನಷ್ಟದಲ್ಲಿದೆ ಎಂದು ಸಾರುವುದು ಎಷ್ಟರಮಟ್ಟಿಗೆ ನ್ಯಾಯವೋ, ಹೊರಗೆ ನಿಂತವರ ಮಾತಿನಿಂದ ಶಾಲೆಯೊಂದರ ಯೋಗ್ಯತೆಯನ್ನು ತೀರ್ಮಾನಿಸುವುದೂ ಅಷ್ಟೇ ನ್ಯಾಯ.

ಪ್ರಾಥಮಿಕ ಶಾಲೆಗಳನ್ನು ನಡೆಸುವುದು ಮುಂಬಯಿ ನಗರಪಾಲಿಕೆಗೆ ದಯಾಧರ್ಮದ ಕಾರ್ಯವಲ್ಲ. 1888ರ ನಗರಪಾಲಿಕಾ ಕಾಯಿದೆಯು ಅದನ್ನು ಪಾಲಿಕೆಯ ಕಡ್ಡಾಯ ಕರ್ತವ್ಯಗಳ ಪಟ್ಟಿಯಲ್ಲಿಯೇ ಸೇರಿಸಿದೆ. ಮರಾಠಿ, ಹಿಂದಿ, ಉರ್ದು, ಗುಜರಾತಿ, ಇಂಗ್ಲಿಷ್, ತಮಿಳು, ತೆಲುಗು ಮತ್ತು ಕನ್ನಡ, ಹೀಗೆ ಎಂಟು ಮಾಧ್ಯಮಗಳಲ್ಲಿ ಪಾಲಿಕೆ ಶಾಲೆಗಳನ್ನು ನಡೆಸುತ್ತ ಬಂದಿದೆ. ಒಂದೇ ಕಟ್ಟಡದಲ್ಲಿ ಮೂರು ನಾಲ್ಕು ಭಾಷೆಗಳ ಶಾಲೆಗಳು ನೆರೆಹೊರೆಯಂತೆ ಬದುಕುತ್ತಿರುವುದು ಈ ನಗರದ ವೈಶಿಷ್ಟ್ಯಗಳಲ್ಲೊಂದು. ಕನ್ನಡದ ಪಠ್ಯಪುಸ್ತಕಗಳನ್ನು ಪುಣೆಯ ಬಾಲಭಾರತಿ ಸಂಸ್ಥೆ ಅಚ್ಚು ಹಾಕಿಸುತ್ತದೆ. ಹತ್ತನೆಯ ತರಗತಿಯ ಮಂಡಳಿ ಪರೀಕ್ಷೆಯನ್ನು ಕನ್ನಡದಲ್ಲಿ ಬರೆಯುವ ಅವಕಾಶವೂ ಮಹಾರಾಷ್ಟ್ರದಲ್ಲಿದೆ.

ಹಗಲೆಲ್ಲ ಹೋಟೆಲಿನಲ್ಲಿ ದುಡಿದು, ರಾತ್ರಿಶಾಲೆಯಲ್ಲಿ ಕಲಿತು, ಕಚೇರಿ, ಬ್ಯಾಂಕು, ನ್ಯಾಯಾಲಯಗಳನ್ನು ಸೇರಿದ ಕನ್ನಡಿಗರ ಚರಿತ್ರೆ ಈ ನಗರಕ್ಕೆ ಹೊಸದಲ್ಲ. ಅಂಥವರ ಮೊಮ್ಮಕ್ಕಳು ಇಂದು ಬಹುಮಟ್ಟಿಗೆ ಇಂಗ್ಲಿಷ್ ಮಾಧ್ಯಮದ ಖಾಸಗಿ ಶಾಲೆಗಳಲ್ಲಿದ್ದಾರೆ. ಅವರು ತೆರವು ಮಾಡಿದ ಬೆಂಚುಗಳಲ್ಲಿ ಈಗ ಕುಳಿತಿರುವವರು ಕಲಬುರಗಿ, ಯಾದಗಿರಿ, ರಾಯಚೂರು, ವಿಜಯಪುರ ಜಿಲ್ಲೆಗಳಿಂದ ಕಟ್ಟಡದ ಕೆಲಸಕ್ಕೆ, ರಸ್ತೆಯ ಕೆಲಸಕ್ಕೆ, ಮನೆಗೆಲಸಕ್ಕೆ ಬಂದವರ ಮಕ್ಕಳು. ಕನ್ನಡದ ಶಾಲೆಯನ್ನು ಈ ನಗರದಲ್ಲಿ ಇಂದು ಉಳಿಸಿಕೊಂಡಿರುವವರು ಯಾರು ಎಂದು ಕೇಳಿದರೆ, ರಾಜ್ಯೋತ್ಸವದ ವೇದಿಕೆಯ ಮೇಲಿನವರಿಗಿಂತ ಮೊದಲು ಈ ಕೂಲಿಕಾರ ತಾಯಂದಿರನ್ನೇ ಹೆಸರಿಸಬೇಕಾಗುತ್ತದೆ.

ಈ ತಾಯಂದಿರು ಶಾಲೆಯ ಬಗ್ಗೆ ಏನು ಹೇಳುತ್ತಾರೆ? ಸಮವಸ್ತ್ರ, ಪುಸ್ತಕ, ಚೀಲ, ಪಾದರಕ್ಷೆ, ಮಳೆಗಾಲದ ಛತ್ರಿ ಮುಂತಾದ ವಸ್ತುಗಳು ಪಾಲಿಕೆಯಿಂದ ಉಚಿತವಾಗಿ ದೊರೆಯುವುದನ್ನು ಅವರು ಕೃತಜ್ಞತೆಯಿಂದ ನೆನೆಯುತ್ತಾರೆ. ಮಧ್ಯಾಹ್ನದ ಊಟವನ್ನೂ ನೆನೆಯುತ್ತಾರೆ. ಒಂದರಿಂದ ಐದನೆಯ ತರಗತಿಯ ಮಗುವಿಗೆ ದಿನಕ್ಕೆ 100 ಗ್ರಾಂ ಧಾನ್ಯ, 20 ಗ್ರಾಂ ಬೇಳೆ, 50 ಗ್ರಾಂ ತರಕಾರಿ, ಒಟ್ಟಿನಲ್ಲಿ 450 ಕ್ಯಾಲೊರಿ ಶಕ್ತಿ ಮತ್ತು 12 ಗ್ರಾಂ ಪ್ರೋಟೀನು ಸಲ್ಲಬೇಕೆಂಬುದು ಆ ಯೋಜನೆಯ ಪ್ರಮಾಣ. ಬೆಳಗ್ಗೆ ಏಳಕ್ಕೆ ಕೆಲಸಕ್ಕೆ ಹೊರಡುವ ತಾಯಿಗೆ ಈ ಊಟ ಎಂಥ ನೆಮ್ಮದಿ ಎಂಬುದನ್ನು ಊಹಿಸುವುದು ಕಷ್ಟವಲ್ಲ.

ಆದರೆ ಅವರು ಎಲ್ಲಕ್ಕಿಂತ ಮಿಗಿಲಾಗಿ ಹೇಳುವುದು ಬೇರೊಂದು ಸಂಗತಿಯನ್ನು. "ಬಾಯಿಯವರ ಹತ್ತಿರ ಮಾತಾಡಾಕ ಬರ್ತದ" ಎಂಬುದು ಅವರ ಮಾತು. ಮಗು ಏನು ಕಲಿತಿದೆ, ಎಲ್ಲಿ ಹಿಂದೆ ಬಿದ್ದಿದೆ, ನಿನ್ನೆ ಏಕೆ ಅತ್ತಿತು ಎಂಬುದನ್ನು ಶಿಕ್ಷಕಿಯೊಡನೆ ನಿಂತು ತನ್ನದೇ ಭಾಷೆಯಲ್ಲಿ ಕೇಳಲು ಸಾಧ್ಯವಾಗುವುದು ಅಕ್ಷರ ಬಾರದ ತಾಯಿಗೆ ಸಣ್ಣ ಸೌಲಭ್ಯವಲ್ಲ. ಪಕ್ಕದ ಗಲ್ಲಿಯ ಇಂಗ್ಲಿಷ್ ಶಾಲೆಗೆ ಮಗನನ್ನು ಸೇರಿಸಿದ ನೆರೆಯವಳು ಡೈರಿಯಲ್ಲಿ ಬರೆದುದನ್ನು ಓದಿಸಲು ಯಾರನ್ನಾದರೂ ಹುಡುಕಿಕೊಂಡು ಹೋಗಬೇಕು. ಮಗುವಿನ ಪಾಠ ಹೇಳಿಸಲು ಟ್ಯೂಷನ್ನಿಗೆ ಬೇರೆ ಹಣ ತೆರಬೇಕು. ಶುಲ್ಕ, ಬಸ್ಸು, ಟ್ಯೂಷನ್, ವಾರ್ಷಿಕೋತ್ಸವದ ಉಡುಪು ಇವೆಲ್ಲವನ್ನೂ ಕೂಡಿದರೆ ದಿನಗೂಲಿಯ ಸಂಸಾರದ ಆದಾಯದಲ್ಲಿ ದೊಡ್ಡ ಪಾಲು ಅಲ್ಲಿಯೇ ಕರಗುತ್ತದೆ. ಕಲಿಕೆ ನಡೆಯುತ್ತಿದೆಯೋ ಇಲ್ಲವೋ ಎಂದು ತಿಳಿಯುವ ದಾರಿ ಮಾತ್ರ ಆ ತಾಯಿಗೆ ಇರುವುದಿಲ್ಲ.

ಹೀಗೆಂದ ಮಾತ್ರಕ್ಕೆ ಪಾಲಿಕೆಯ ಶಾಲೆಯಲ್ಲಿ ಕುಂದುಗಳಿಲ್ಲವೆಂದು ಸಾಧಿಸಲು ಹೊರಡುವುದು ಆತ್ಮವಂಚನೆಯಾದೀತು. ಅದೇ ಹೆತ್ತವರು ಅಷ್ಟೇ ಸ್ಪಷ್ಟವಾಗಿ ದೂರುಗಳನ್ನೂ ಹೇಳುತ್ತಾರೆ. ಒಬ್ಬರೇ ಶಿಕ್ಷಕರು ಎರಡು ಮೂರು ತರಗತಿಗಳನ್ನು ಒಟ್ಟಿಗೆ ಕೂಡಿಸಿಕೊಂಡು ಪಾಠ ಹೇಳುತ್ತಾರೆ. ಚುನಾವಣೆ, ಜನಗಣತಿಗಳ ಕಾಲದಲ್ಲಿ ಆ ಒಬ್ಬರೂ ಇರುವುದಿಲ್ಲ. ಶೌಚಾಲಯವಿದ್ದರೂ ನೀರಿಲ್ಲದ ದಿನಗಳಿವೆ. ಏಳನೆಯ ಅಥವಾ ಎಂಟನೆಯ ತರಗತಿ ಮುಗಿದೊಡನೆ ಮುಂದೇನು ಎಂಬ ಪ್ರಶ್ನೆ ಎದ್ದುನಿಲ್ಲುತ್ತದೆ; ಪ್ರಾಥಮಿಕ ಶಾಲೆಗಳಿಗೆ ಹೋಲಿಸಿದರೆ ಪಾಲಿಕೆಯ ಪ್ರೌಢಶಾಲೆಗಳು ತೀರ ಕಡಮೆ; ಕನ್ನಡದ ಪ್ರೌಢಶಾಲೆಯಂತೂ ಎರಡು ರೈಲು ಬದಲಿಸಿ ಹೋಗುವಷ್ಟು ದೂರವಿರಬಹುದು. ಹುಡುಗಿಯ ಓದನ್ನು ನಿಲ್ಲಿಸಲು ಅನೇಕ ಮನೆಗಳಲ್ಲಿ ಆ ದೂರವೊಂದೇ ಸಾಕಾದ ಕಾರಣವಾಗುತ್ತದೆ.

ಈ ಕುಂದುಗಳಲ್ಲಿ ಮೊದಲನೆಯದರ ಮೂಲವನ್ನು ಶೋಧಿಸಿದರೆ ಒಂದು ಸರಳ ಗಣಿತ ಗೋಚರಿಸುತ್ತದೆ. 2009ರ ಉಚಿತ ಮತ್ತು ಕಡ್ಡಾಯ ಶಿಕ್ಷಣದ ಹಕ್ಕಿನ ಕಾಯಿದೆ 2010ರ ಏಪ್ರಿಲ್ 1ರಿಂದ ಜಾರಿಗೆ ಬಂದಿತು. ಅದರ ಅನುಸೂಚಿಯ ಪ್ರಕಾರ ಒಂದರಿಂದ ಐದರವರೆಗಿನ ತರಗತಿಗಳಲ್ಲಿ ಒಟ್ಟು 60 ಮಕ್ಕಳವರೆಗೆ ಇಬ್ಬರು ಶಿಕ್ಷಕರು, 61ರಿಂದ 90ರವರೆಗೆ ಮೂವರು, 91ರಿಂದ 120ರವರೆಗೆ ನಾಲ್ವರು. ಶಾಲೆಯೊಂದರಲ್ಲಿ 63 ಮಕ್ಕಳಿದ್ದಾರೆಂದು ಭಾವಿಸಬಹುದು. ಜೂನ್ ತಿಂಗಳಲ್ಲಿ ನಾಲ್ಕು ಮಕ್ಕಳನ್ನು ಬೇರೆಡೆಗೆ ಸೇರಿಸಿದರೆ ಉಳಿಯುವವರು 59. ಹೋದದ್ದು ನಾಲ್ಕು ಮಕ್ಕಳು. ಆದರೆ ಉಳಿದ 59 ಮಕ್ಕಳಿಗೆ ಸಲ್ಲಬೇಕಾದ ಶಿಕ್ಷಕರ ಸಂಖ್ಯೆ ಮೂರರಿಂದ ಎರಡಕ್ಕೆ ಇಳಿಯುತ್ತದೆ. ಐದು ತರಗತಿಗಳಿಗೆ ಇಬ್ಬರೇ ಆದ ಮೇಲೆ ಪಾಠ ಕುಂಟುತ್ತದೆ. ಪಾಠ ಕುಂಟುವುದನ್ನು ಕಂಡು ಮರುವರ್ಷ ಇನ್ನಷ್ಟು ಮಂದಿ ಬಿಡುತ್ತಾರೆ. ಕೊನೆಗೆ ಮಕ್ಕಳ ಕೊರತೆಯಿಂದ ಶಾಲೆ ಮುಚ್ಚಿತೆಂಬ ವರದಿ ಬಂದಾಗ, "ಹಾಗಾಗುವುದೆಂದು ಮೊದಲೇ ಗೊತ್ತಿತ್ತು" ಎಂದು ಹೇಳಲು ಎಲ್ಲರೂ ಸಿದ್ಧರಿರುತ್ತಾರೆ. ಇದೇ ಗಣಿತ ಹಿಮ್ಮುಖವಾಗಿಯೂ ನಡೆಯಬಲ್ಲದು. ವಸತಿಯಲ್ಲಿ ಶಾಲೆಯ ಹೊರಗುಳಿದ ನಾಲ್ಕೈದು ಕನ್ನಡದ ಮಕ್ಕಳನ್ನು ಹುಡುಕಿ ಸೇರಿಸಿದರೆ ಒಬ್ಬ ಶಿಕ್ಷಕರ ಹುದ್ದೆಯನ್ನು ಹಕ್ಕಿನಿಂದ ಕೇಳಬಹುದು.

ಇಂಗ್ಲಿಷಿನ ಪ್ರಶ್ನೆಯನ್ನು ಇಲ್ಲಿ ಮುಚ್ಚಿಡುವ ಅಗತ್ಯವಿಲ್ಲ. ಮಗನಿಗೆ ಇಂಗ್ಲಿಷ್ ಬರಬೇಕೆಂದು ಬಯಸುವ ತಂದೆಯನ್ನು ಭಾಷಾದ್ರೋಹಿ ಎಂದು ಜರೆಯುವುದು ಅನ್ಯಾಯ. ಪ್ರಾಥಮಿಕ ಹಂತದ ಮಾಧ್ಯಮವನ್ನು ಆರಿಸುವ ಸ್ವಾತಂತ್ರ್ಯ ತಾಯಿತಂದೆಯರಿಗೆ ಸೇರಿದ್ದೆಂದು ಸರ್ವೋಚ್ಚ ನ್ಯಾಯಾಲಯವು ಕರ್ನಾಟಕದ ಮೊಕದ್ದಮೆಯಲ್ಲಿಯೇ 2014ರ ಮೇ ತಿಂಗಳಲ್ಲಿ ತೀರ್ಪಿತ್ತಿದೆ. ಆದರೆ ಆಯ್ಕೆಯೆಂಬುದು ತಿಳಿವಳಿಕೆಯಿಂದ ಕೂಡಿರಬೇಕಷ್ಟೆ. ಮಹಾರಾಷ್ಟ್ರದ ಎಲ್ಲ ಮಾಧ್ಯಮಗಳ ಶಾಲೆಗಳಲ್ಲಿ 2000ನೆಯ ಇಸವಿಯಿಂದ ಒಂದನೆಯ ತರಗತಿಯಲ್ಲಿಯೇ ಇಂಗ್ಲಿಷನ್ನು ಒಂದು ವಿಷಯವಾಗಿ ಕಲಿಸುವ ಕ್ರಮ ಬಂದಿದೆ ಎಂಬುದು ಎಷ್ಟು ಮಂದಿಗೆ ಗೊತ್ತು? ಕನ್ನಡ ಶಾಲೆಯ ಮಗುವಿಗೆ ಮರಾಠಿಯೂ ಬರುತ್ತದೆ. ಈ ನಗರದಲ್ಲಿ ಬದುಕುವವರಿಗೆ ಅದರ ಬೆಲೆಯೇನೆಂದು ಹೇಳಬೇಕಾಗಿಲ್ಲ. ಹೀಗಾಗಿ ಪ್ರಶ್ನೆಯಿರುವುದು ಕನ್ನಡವೋ ಇಂಗ್ಲಿಷೋ ಎಂಬುದರಲ್ಲಿಗಿಂತ, ಅಲ್ಲಿ ಕಲಿಸುವ ಇಂಗ್ಲಿಷ್ ಚೆನ್ನಾಗಿದೆಯೋ ಇಲ್ಲವೋ ಎಂಬುದರಲ್ಲಿ. ಅದನ್ನು ವಿಚಾರಿಸಬೇಕಾದರೆ ಶಾಲೆಯ ಒಳಗೆ ಹೋಗಬೇಕು.

ಒಳಗೆ ಹೋಗುವ ಅಧಿಕಾರವನ್ನು ಕಾನೂನೇ ಕೊಟ್ಟಿದೆ. ಮೇಲೆ ಹೇಳಿದ ಕಾಯಿದೆಯ 21ನೆಯ ಕಲಮಿನಂತೆ ಸರಕಾರದ ಮತ್ತು ಸ್ಥಳೀಯ ಸಂಸ್ಥೆಗಳ ಪ್ರತಿಯೊಂದು ಶಾಲೆಗೂ ವ್ಯವಸ್ಥಾಪನ ಸಮಿತಿ ಇರಬೇಕು. ಅದರ ಸದಸ್ಯರಲ್ಲಿ ಮುಕ್ಕಾಲು ಪಾಲು ಮಕ್ಕಳ ಹೆತ್ತವರೇ ಆಗಿರಬೇಕು. ಒಟ್ಟು ಸದಸ್ಯರಲ್ಲಿ ಅರ್ಧದಷ್ಟು ಮಹಿಳೆಯರಿರಬೇಕು. ಶಾಲೆಯ ಕೆಲಸಕಾರ್ಯಗಳನ್ನು ಗಮನಿಸುವುದು, ಅಭಿವೃದ್ಧಿಯ ಯೋಜನೆಯನ್ನು ಸಿದ್ಧಪಡಿಸುವುದು, ಅನುದಾನ ಹೇಗೆ ಖರ್ಚಾಯಿತೆಂದು ನೋಡುವುದು ಈ ಸಮಿತಿಯ ಕೆಲಸ. ಒಂದರಿಂದ ಐದನೆಯ ತರಗತಿಗಳಿಗೆ ವರ್ಷಕ್ಕೆ 200 ದಿನ, 800 ಗಂಟೆಗಳ ಪಾಠ ನಡೆಯಬೇಕೆಂಬ ನಿಯಮವೂ ಇದೆ. ಎಷ್ಟು ದಿನ ನಡೆಯಿತೆಂದು ಎಣಿಸಲು ಪದವಿಯೇನೂ ಬೇಕಾಗಿಲ್ಲ.

ವಾಸ್ತವದಲ್ಲಿ ಏನಾಗುತ್ತದೆ? ಸಭೆ ಹನ್ನೊಂದು ಗಂಟೆಗೆ ಕರೆಯಲ್ಪಡುತ್ತದೆ. ಹಾಜರಾದರೆ ತಾಯಿಯ ಒಂದು ದಿನದ ಕೂಲಿ ಹೋಯಿತು. ಹೋದರೂ ನಡವಳಿಯ ಕಾಗದ ಮರಾಠಿಯಲ್ಲಿರುತ್ತದೆ. ತೋರಿಸಿದ ಜಾಗದಲ್ಲಿ ಹೆಬ್ಬೆಟ್ಟು ಒತ್ತಿ ಆಕೆ ಹಿಂದಿರುಗುತ್ತಾಳೆ. ಅಧಿಕಾರ ಕಾಗದದ ಮೇಲಿದೆ. ಅದನ್ನು ಬಳಸುವ ದಾರಿಯನ್ನು ತೋರಿಸುವವರಿಲ್ಲ. ಸಂಘಸಂಸ್ಥೆಗಳ ವಿದ್ಯಾವಂತ ಕನ್ನಡಿಗರು ನೆರವಾಗಬೇಕಾದ ಸ್ಥಳ ಇದೇ.

ಸಂಘಗಳು ಈಗ ಏನೂ ಮಾಡುತ್ತಿಲ್ಲವೆಂದಲ್ಲ. ವರ್ಷಕ್ಕೊಮ್ಮೆ ನೋಟುಪುಸ್ತಕಗಳ ವಿತರಣೆ, ಒಂದು ಭಾಷಣ, ಒಂದು ಛಾಯಾಚಿತ್ರ, ಪ್ರತಿಭಾವಂತರಿಗೆ ಪುರಸ್ಕಾರ ಇವು ನಡೆಯುತ್ತಲೇ ಇವೆ. ಆದರೆ ಪಾಲಿಕೆಯೇ ಪುಸ್ತಕಗಳನ್ನು ಕೊಡುತ್ತಿರುವಾಗ ಮಕ್ಕಳಿಗೆ ಕೊರತೆಯಾಗಿರುವುದು ನೋಟುಪುಸ್ತಕವಲ್ಲ. ಸಮಿತಿಯ ಸಭೆಯನ್ನು ಭಾನುವಾರವೋ ಸಂಜೆಯೋ ಕರೆಯುವಂತೆ ಮುಖ್ಯೋಪಾಧ್ಯಾಯರನ್ನು ವಿನಯದಿಂದ ಕೇಳಿಕೊಳ್ಳುವವರು ಬೇಕು. ನಡವಳಿಯನ್ನು ಕನ್ನಡದಲ್ಲಿ ಓದಿ ಹೇಳುವವರು ಬೇಕು. ನೀರಿಗಾಗಿ, ಶಿಕ್ಷಕರಿಗಾಗಿ ವಾರ್ಡ್ ಕಚೇರಿಗೆ ಮರಾಠಿಯಲ್ಲಿ ಅರ್ಜಿ ಬರೆದುಕೊಡುವವರು ಬೇಕು. ಊರಿನಿಂದ ನಡುವರ್ಷದಲ್ಲಿ ಬಂದ ಮಗುವಿಗೆ ವರ್ಗಾವಣೆ ಪತ್ರ ತಡವಾಯಿತೆಂದಾಗಲಿ, ವಯಸ್ಸಿನ ದಾಖಲೆಯಿಲ್ಲವೆಂದಾಗಲಿ ಪ್ರವೇಶ ನಿರಾಕರಿಸುವಂತಿಲ್ಲ ಎಂಬ ಕಾನೂನನ್ನು ತಿಳಿಸುವವರು ಬೇಕು. ಏಳನೆಯ ತರಗತಿಯ ಪ್ರತಿಯೊಂದು ಮಗುವೂ ಮುಂದೆ ಯಾವ ಪ್ರೌಢಶಾಲೆಗೆ ಹೋಗುವುದೆಂದು ಮಾರ್ಚ್ ತಿಂಗಳಿನಲ್ಲಿಯೇ ಮನೆಮನೆಗೆ ಹೋಗಿ ವಿಚಾರಿಸುವವರು ಬೇಕು.

ಈ ಸಂಚಿಕೆಯ ಆರೋಗ್ಯ ಲೇಖನಗಳನ್ನು ಓದುವವರಿಗೆ ಇನ್ನೊಂದು ಕೆಲಸವೂ ಕಾದಿದೆ. ವರ್ಷಕ್ಕೆ ಎರಡು ಬಾರಿ, ಫೆಬ್ರವರಿ 10 ಮತ್ತು ಆಗಸ್ಟ್ 10ರಂದು, ಶಾಲೆಗಳಲ್ಲಿ ಜಂತುಹುಳುವಿನ ಮಾತ್ರೆ ಕೊಡುವ ರಾಷ್ಟ್ರೀಯ ಕಾರ್ಯಕ್ರಮ 2015ರಿಂದ ನಡೆಯುತ್ತಿದೆ. ಐದರಿಂದ ಹತ್ತು ವರ್ಷದ ಮಕ್ಕಳಿಗೆ ರಕ್ತಹೀನತೆ ತಡೆಯಲು ವಾರಕ್ಕೊಂದು ಕಬ್ಬಿಣಾಂಶದ ಮಾತ್ರೆಯ ಏರ್ಪಾಡಿದೆ. ಆ ಮಾತ್ರೆ ನುಂಗಿದ ಮಗುವಿನ ಮಲ ಕಪ್ಪಗಾಗುವುದು ಸಹಜ. ಅದನ್ನು ಕಂಡು ಹೆದರಿದ ತಾಯಿ ಮುಂದಿನ ವಾರ ಮಾತ್ರೆ ಬೇಡವೆನ್ನುತ್ತಾಳೆ. ಊಟದ ನಂತರ ಕೊಡಬೇಕು, ಬಣ್ಣ ಬದಲಾದರೆ ಭಯವಿಲ್ಲ ಎಂಬ ಎರಡು ವಾಕ್ಯಗಳನ್ನು ಕನ್ನಡದಲ್ಲಿ ಹೇಳಿದರೆ ಸಾಕು, ಆ ಮಗುವಿನ ಚಿಕಿತ್ಸೆ ಮುಂದುವರಿಯುತ್ತದೆ. ಹಿಂದಿನ ಸಾಲಿನಲ್ಲಿ ಕುಳಿತು ಹಲಗೆಯ ಅಕ್ಷರ ಕಾಣದೆ ದಡ್ಡನೆನಿಸಿಕೊಂಡ ಹುಡುಗನಿಗೆ ಬೇಕಾದದ್ದು ಹಲವೊಮ್ಮೆ ಒಂದು ಕನ್ನಡಕ ಮಾತ್ರ. ಸಂಘಗಳಲ್ಲಿ ಕನ್ನಡಿಗ ವೈದ್ಯರಿಗೆ ಬರವಿಲ್ಲ. ವರ್ಷಕ್ಕೆ ಎರಡು ಬೆಳಗುಗಳನ್ನು ಅವರು ಈ ಶಾಲೆಗಳಿಗೆ ಕೊಟ್ಟರೆ ಅದು ಯಾವ ಸನ್ಮಾನಕ್ಕೂ ಕಡಮೆಯಾಗದು.

ಅನುಕೂಲಸ್ಥರು ತಮ್ಮ ಮಕ್ಕಳನ್ನು ಖಾಸಗಿ ಶಾಲೆಯಿಂದ ಬಿಡಿಸಿ ಪಾಲಿಕೆಯ ಶಾಲೆಗೆ ಸೇರಿಸಬೇಕೆಂದು ಹೇಳಿದರೆ ಅದು ಬರಿಯ ಆದರ್ಶದ ಮಾತಾದೀತು; ಹೇಳುವವರೇ ಅದನ್ನು ಪಾಲಿಸರು. ಆದರೆ ಅವರು ಬಿಟ್ಟುಬಂದಾಗ ಶಾಲೆಯಿಂದ ಮಕ್ಕಳ ಸಂಖ್ಯೆಯೊಂದಿಗೆ ಪ್ರಶ್ನೆ ಕೇಳುವ ಬಾಯಿಯೂ ಹೊರಟುಹೋಯಿತು ಎಂಬುದು ಸತ್ಯ. ಆ ಬಾಯಿಯನ್ನಾದರೂ ಹಿಂದಿರುಗಿಸುವುದು ಅವರ ಋಣ. ಅಲ್ಪಸಂಖ್ಯಾತ ಭಾಷೆಯ ಮಕ್ಕಳಿಗೆ ಪ್ರಾಥಮಿಕ ಹಂತದಲ್ಲಿ ಮಾತೃಭಾಷೆಯ ಶಿಕ್ಷಣದ ಸೌಲಭ್ಯ ಒದಗಿಸಬೇಕೆಂದು ಸಂವಿಧಾನಕ್ಕೆ 350-ಎ ವಿಧಿಯನ್ನು 1956ರಲ್ಲಿ ಸೇರಿಸಲಾಯಿತು. ಕೇಳುವವರಿಲ್ಲದ ಕಡೆ ಅಂಥ ವಿಧಿಗಳು ಪುಸ್ತಕದಲ್ಲಿಯೇ ಉಳಿಯುತ್ತವೆ.

ಹೊಸ ಶಾಲಾವರ್ಷ ಜೂನ್‌ನಲ್ಲಿ ಆರಂಭವಾಗುತ್ತದೆ. ಅದಕ್ಕೆ ಮೊದಲು ಪ್ರತಿಯೊಂದು ಕನ್ನಡ ಸಂಘವೂ ತನ್ನ ಉಪನಗರದ ಕನ್ನಡ ಶಾಲೆ ಯಾವುದು, ಅಲ್ಲಿ ಎಷ್ಟು ಮಕ್ಕಳು, ಎಷ್ಟು ಶಿಕ್ಷಕರು, ವ್ಯವಸ್ಥಾಪನ ಸಮಿತಿಯಲ್ಲಿ ಯಾವ ಹೆತ್ತವರು ಎಂಬುದನ್ನು ತಿಳಿದು ಬರೆದಿಡಲಿ. ಇಬ್ಬರು ಸದಸ್ಯರನ್ನು ಆ ಶಾಲೆಯ ಕೆಲಸಕ್ಕಾಗಿಯೇ ನೇಮಿಸಲಿ. ಆಯವ್ಯಯದಲ್ಲಿ ಇದಕ್ಕೆ ದೊಡ್ಡ ಮೊತ್ತವೇನೂ ಬೇಕಾಗದು. ಬೇಕಾದದ್ದು ತಿಂಗಳಿಗೊಂದು ಸಂಜೆ, ಮತ್ತು ಆ ತಾಯಂದಿರ ಮಾತನ್ನು ಕುಳಿತು ಕೇಳುವ ತಾಳ್ಮೆ.